ವಾರ್‌ಗೆಟ್, ಐಎಂಆರ್ 4064, ವಿಂಚೆಸ್ಟರ್ 748: ಫೀನಿಕ್ಸ್ ಬಿಸಿಲಲ್ಲಿ ಮೂರು ಮದ್ದು

ಮೊದಲೇ ಹೇಳಿಬಿಡುತ್ತೇನೆ. .308 ವಿಂಚೆಸ್ಟರ್ ತೋಟಾ ಹಾರಿಸುವ ರೈಫಲ್‌ಗೆ ಒಂದೇ ಒಂದು ಮದ್ದು (ತೋಟಾದೊಳಗೆ ತುಂಬುವ ಪೌಡರ್) ಕೊಳ್ಳಬೇಕು ಅಂದರೆ ನಾನು ವಾರ್‌ಗೆಟ್ ಡಬ್ಬಿಗೇ ಕೈ ಹಾಕುತ್ತೇನೆ. ಅದು ಉರಿಯುವ ವೇಗ ನೋಡಿ ಮಾಡಿದ ಆಯ್ಕೆ ಅಲ್ಲ. ವೇಗದ ಪಟ್ಟಿ ತೆಗೆದರೆ ವಾರ್‌ಗೆಟ್, ಐಎಂಆರ್ 4064, ವಿಂಚೆಸ್ಟರ್ 748 ಮೂರೂ ಹತ್ತಿರ ಹತ್ತಿರವೇ ಕೂತಿವೆ. ವರ್ಷಗಟ್ಟಲೆ ಮೂರನ್ನೂ ಬಳಸಿದ್ದೇನೆ. ಸ್ವಭಾವದಲ್ಲಿ ಒಂದು ಇನ್ನೊಂದರ ಹಾಗಿಲ್ಲ.

ನಾನಿರುವುದು ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ನಲ್ಲಿ. ಗುರಿ ಅಭ್ಯಾಸಕ್ಕೆ ಹೋಗುವುದು ಬೆನ್ ಏವರಿ ರೇಂಜ್‌ಗೆ. ರಾಜ್ಯದ ಗೇಮ್ ಅಂಡ್ ಫಿಶ್ ಇಲಾಖೆ ನಡೆಸುವ ಸಾರ್ವಜನಿಕ ರೇಂಜ್ ಅದು. ಹಾರಿಸಿದ ಹಿತ್ತಾಳೆ ಕೇಸ್‌ಗಳನ್ನು ಆರಿಸಿ ತಂದು, ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ), ಮದ್ದು, ಗುಂಡು ಹಾಕಿ ಮತ್ತೆ ತೋಟಾ ಮಾಡಿಕೊಳ್ಳುವುದು ಇಲ್ಲಿ ಮಾಮೂಲಿ ಹವ್ಯಾಸ. ಊರಿನಿಂದ ಓದುತ್ತಿರುವವರು ಗಮನಿಸಿ: ಭಾರತದಲ್ಲಿ 1959ರ ಆಯುಧ ಕಾಯ್ದೆ ಪ್ರಕಾರ ತೋಟಾ ತಯಾರಿಸುವುದಕ್ಕೂ ಲೈಸೆನ್ಸ್ ಬೇಕು. ಮನೆಯಲ್ಲಿ ಕೋವಿ ಇದೆ ಅಂದ ಮಾತ್ರಕ್ಕೆ ಇದನ್ನೆಲ್ಲ ಮಾಡುವ ಹಾಗಿಲ್ಲ, ಕೊಡಗಿನವರಿಗೂ ಅಷ್ಟೇ. ಇಲ್ಲಿ ಎಚ್-1ಬಿ ಥರದ ವೀಸಾದಲ್ಲಿ ಇರುವವರೂ ಸುಮ್ನೆ ಅಂಗಡಿಗೆ ಹೋಗಬೇಡಿ. ಬಂದೂಕು, ತೋಟಾ ಇಟ್ಟುಕೊಳ್ಳಲು ಅವರಿಗೆ ಕಾನೂನಿನ ನಿರ್ಬಂಧವಿದೆ, ವಿನಾಯಿತಿಗಳು ಕೆಲವೇ. ನಾನು ಗ್ರೀನ್ ಕಾರ್ಡ್ ಬಂದ ಮೇಲಷ್ಟೇ ಶುರು ಮಾಡಿದೆ.

ಈಗ ಪಟ್ಟಿಯ ವಿಷಯ. ಹಾಜ್‌ಡನ್‌ನಂಥ ಮದ್ದು ಮಾರುವ ಕಂಪನಿಗಳು ನೂರಕ್ಕೂ ಹೆಚ್ಚು ಮದ್ದುಗಳನ್ನು ಸಾಲಾಗಿ ಬರೆದು ಕೊಡುತ್ತವೆ. ಮೇಲೆ ಬೇಗ ಉರಿಯುವ ಪಿಸ್ತೂಲಿನ ಮದ್ದು, ಕೆಳಗೆ ನಿಧಾನವಾಗಿ ಉರಿಯುವ, .50 ಬಿಎಂಜಿಯಂಥ ದೊಡ್ಡ ತೋಟಾದ ಮದ್ದು. ಹೊಸಬರು ಈ ಪಟ್ಟಿಯನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತಾರೆ. ಅಂಟಿಸಲಿ, ಆದರೆ ಅದರಲ್ಲಿ ಇರುವುದು ಸಾಲು ಮಾತ್ರ, ಅಂತರ ಇಲ್ಲ. 80ನೇ ಮದ್ದಿಗೂ 81ನೆಯದಕ್ಕೂ ಕೂದಲೆಳೆಯ ವ್ಯತ್ಯಾಸ ಇರಬಹುದು, 81ಕ್ಕೂ 82ಕ್ಕೂ ದೊಡ್ಡ ಕಂದಕವೇ ಇರಬಹುದು. ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ಮದ್ದು ಉರಿಸಿ ಒತ್ತಡ ಎಷ್ಟು ಬೇಗ ಏರುತ್ತದೆ ಅಂತ ಅಳೆಯುವ ಪರೀಕ್ಷೆ ಇದೆ. ನಿಮ್ಮ ರೈಫಲ್ ಅಂಥ ಪಾತ್ರೆ ಅಲ್ಲ. ಗುಂಡು ಮುಂದೆ ಸರಿದಂತೆ ನಳಿಗೆಯೊಳಗಿನ ಜಾಗ ದೊಡ್ಡದಾಗುತ್ತಾ ಹೋಗುತ್ತದೆ. ಗುಂಡಿನ ತೂಕ, ಕೇಸ್‌ನ ಗಾತ್ರ ಬದಲಾದರೆ ಅದೇ ಮದ್ದು ಬೇರೆಯೇ ಥರ ನಡೆದುಕೊಳ್ಳುತ್ತದೆ. ಹಾಗಾಗಿಯೇ ಒಂದು ಕಂಪನಿಯ ಪಟ್ಟಿಗೂ ಇನ್ನೊಂದರ ಪಟ್ಟಿಗೂ ತಾಳೆಯಾಗುವುದಿಲ್ಲ. ಪಟ್ಟಿಯಲ್ಲಿ ಪಕ್ಕದಲ್ಲಿದೆ ಅಂತ ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕುವುದು ನೇರವಾಗಿ ಅಪಾಯದ ಕೆಲಸ. ಯಾವ ತೋಟಾಗೆ ಎಷ್ಟು ಮದ್ದು ಅಂತ ಹೇಳುವ ಲೋಡಿಂಗ್ ಮ್ಯಾನ್ಯುಯಲ್ ಇದೆ. ಕನಿಷ್ಠದಿಂದ ಶುರು ಮಾಡಿ ಮೇಲೆ ಹೋಗಬೇಕು.

ಬೇಗ, ನಿಧಾನ ಅನ್ನುವುದಾದರೂ ಎಲ್ಲಿಂದ ಬರುತ್ತದೆ? ಎಲ್ಲ ಹೊಗೆಯಿಲ್ಲದ ಮದ್ದಿಗೂ ಮೂಲ ನೈಟ್ರೊಸೆಲ್ಯುಲೋಸ್. ಕೆಲವಕ್ಕೆ ನೈಟ್ರೊಗ್ಲಿಸರಿನ್ ಕೂಡ ಸೇರಿರುತ್ತದೆ. ನೀಲಗಿರಿಯ ಪುಟ್ಟ ರೈಲಿನಲ್ಲಿ ಕೂನೂರಿನಿಂದ ಊಟಿಗೆ ಹೋದವರು ಅರವಂಕಾಡು ಸ್ಟೇಷನ್ ನೋಡಿರುತ್ತೀರಿ. ಅಲ್ಲಿ ಬ್ರಿಟಿಷರು ಕಟ್ಟಿದ ಫ್ಯಾಕ್ಟರಿಗೆ ಹೆಸರು ಕೊಟ್ಟ ಕಾರ್ಡೈಟ್ ಈ ಎರಡನೇ ಜಾತಿಯದ್ದು. ಇನ್ನು ಉಳಿದಿದ್ದೆಲ್ಲ ಕಾಳಿನ ಗಾತ್ರ, ಆಕಾರ, ಮೇಲಿನ ಲೇಪನದ ಆಟ. ತೆಳ್ಳನೆಯ ಚಕ್ಕೆ ಒಲೆಗೆ ಹಾಕಿದ ತೆಂಗಿನ ಗರಿಯ ಹಾಗೆ ಭಗ್ ಅಂದು ಮುಗಿಯುತ್ತದೆ. ದಪ್ಪನೆಯ, ನಡುವೆ ತೂತಿರುವ ಕಡ್ಡಿಕಾಳು ಸಾವಕಾಶ ಮಾಡುತ್ತದೆ. ಹಗುರ ಗುಂಡು, ಗಿಡ್ಡ ನಳಿಗೆಯ 9 ಎಂಎಂ ಪಿಸ್ತೂಲಿಗೆ ಮೊದಲನೆಯದು ಸರಿ. ಅದರ ಗರಿಷ್ಠ ಒತ್ತಡ ಚದರ ಇಂಚಿಗೆ 35,000 ಪೌಂಡ್. .308ರದ್ದು 62,000. ಭಾರದ ಗುಂಡನ್ನು ಉದ್ದ ನಳಿಗೆಯಲ್ಲಿ ಕೊನೆತನಕ ತಳ್ಳುತ್ತಿರಬೇಕಾದರೆ ನಿಧಾನದ ಮದ್ದೇ ಬೇಕು.

ವೇಗದ ಪಟ್ಟಿಗಿಂತ ನನಗೆ ಜಾಸ್ತಿ ಭಯ ಹುಟ್ಟಿಸುವುದು ಡಬ್ಬಿ ಮೇಲಿನ ನಂಬರ್. ಐಎಂಆರ್ 4350 ಇದೆ, ಹಾಜ್‌ಡನ್‌ನ ಎಚ್4350 ಇದೆ, ಆಕ್ಯುರೇಟ್ 4350 ಇದೆ. ಮೂರೂ ಬೇರೆ ಬೇರೆ ಮದ್ದು. 4831, 4895ರ ಕಥೆಯೂ ಇದೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆಯಲ್ಲಿ ಮಿಕ್ಕಿದ 4895 ಮದ್ದನ್ನು ಬ್ರೂಸ್ ಹಾಜ್‌ಡನ್ ಕೊಂಡು ಹವ್ಯಾಸಿಗಳಿಗೆ ಮಾರತೊಡಗಿದರು. ಮುಂದೆ ಹೊಸದಾಗಿ ಮಾಡಿಸಿದಾಗಲೂ ಹಳೆ ನಂಬರೇ ಉಳಿಯಿತು. ಈಗ ಐಎಂಆರ್ ಹೆಸರೂ ಅದೇ ಕಂಪನಿಯ ಕೈಯಲ್ಲಿದೆ, ನಂಬರ್‌ಗಳ ಗೋಜಲು ಮಾತ್ರ ಹಾಗೇ ಇದೆ. ನನ್ನ ಬೆಂಚಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ. ಅಳತೆ ಮಾಡುವ ಯಂತ್ರದಲ್ಲಿ ಉಳಿದ ಮದ್ದು ಅದೇ ದಿನ ಅದರದ್ದೇ ಡಬ್ಬಿಗೆ ವಾಪಸ್.

ಮೂರರ ಬಳಕೆಗೆ ಬರೋಣ.

ವಿಂಚೆಸ್ಟರ್ 748 ದುಂಡುಕಾಳಿನ ಮದ್ದು. ಈ ಬಾಲ್ ಪೌಡರ್ ತಂತ್ರ 1930ರ ದಶಕದಲ್ಲಿ ವೆಸ್ಟರ್ನ್ ಕಾರ್ಟ್ರಿಜ್ ಕಂಪನಿಯಲ್ಲಿ ಹುಟ್ಟಿತು. ಯಂತ್ರದಿಂದ ಅಳೆಯುವಾಗ ಇದರಷ್ಟು ಸುಖ ಬೇರೆ ಇಲ್ಲ. ಸಾಸಿವೆಗಿಂತ ಸಣ್ಣ ಕಾಳು, ನೀರಿನಂತೆ ಇಳಿಯುತ್ತದೆ. ಹಿಡಿಕೆ ಒತ್ತಿದಷ್ಟು ಸಲವೂ ಒಂದೇ ತೂಕ. ನೂರಾರು ತೋಟಾ ಒಂದೇ ಕೂತಲ್ಲಿ ಮಾಡುವವರಿಗೆ ಇದೇ ಸರಿ. ಆದರೆ ಫೀನಿಕ್ಸ್‌ನಲ್ಲಿ ಜೂನ್, ಜುಲೈ ಬಂತೆಂದರೆ 45 ಡಿಗ್ರಿ ಸೆಲ್ಸಿಯಸ್ ದೊಡ್ಡ ವಿಷಯವಲ್ಲ. ದುಂಡುಕಾಳಿನ ಮದ್ದುಗಳು ಸಾಮಾನ್ಯವಾಗಿ ಬಿಸಿಗೆ ಬೇಗ ಕೆರಳುತ್ತವೆ. ಜನವರಿಯ ಬೆಳಗ್ಗೆ ಕ್ರೊನೊಗ್ರಾಫ್ (ಗುಂಡಿನ ವೇಗ ಅಳೆಯುವ ಸಾಧನ) ತೋರಿಸಿದ ವೇಗ ಬೇರೆ, ಜುಲೈನದು ಬೇರೆ. 100 ಗಜದಲ್ಲಿ ಇದು ಗೊತ್ತೇ ಆಗುವುದಿಲ್ಲ. ದೂರ ಹೋದಂತೆ ಗುಂಡು ಮೇಲೆ, ಕೆಳಗೆ ಬೀಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಚಳಿಯಲ್ಲಿ ಗರಿಷ್ಠದ ಹತ್ತಿರ ಕೂರಿಸಿದ ಅಳತೆ ಬೇಸಿಗೆಯಲ್ಲಿ ಒತ್ತಡದ ಗೆರೆ ದಾಟಬಹುದು. ಬೇಸಿಗೆಗೆ ಬೇಕಾದ ತೋಟಾವನ್ನು ಬೇಸಿಗೆಯಲ್ಲೇ ಪರೀಕ್ಷೆ ಮಾಡಬೇಕು.

ಐಎಂಆರ್ 4064 ಹಳೆಯ ಕಾಲದ ಉದ್ದ ಕಡ್ಡಿಕಾಳು. ನಿಖರತೆ ಬಗ್ಗೆ ನನ್ನ ಹತ್ತಿರ ದೂರೇ ಇಲ್ಲ. 168 ಗ್ರೇನ್ (ತೂಕದ ಸಣ್ಣ ಅಳತೆ) ಗುಂಡಿನ ಜೊತೆ ನನ್ನ ರೈಫಲ್‌ನಲ್ಲಿ ಗುರಿಯ ಮೇಲೆ ಗುಂಡುಗಳು ಅತಿ ಹತ್ತಿರ ಹತ್ತಿರ ಬಿದ್ದದ್ದು ಇದರಿಂದಲೇ. ತಾಪತ್ರಯ ಇರುವುದು ಅಳೆಯುವಲ್ಲಿ. ಉದ್ದ ಕಾಳು ಯಂತ್ರದ ಬಾಯಲ್ಲಿ ಅಡ್ಡ ಸಿಕ್ಕಿಕೊಳ್ಳುತ್ತದೆ, ಕಟಕ್ ಅಂತ ಕಡಿಯುತ್ತದೆ, ತೂಕ ಏರುಪೇರಾಗುತ್ತದೆ. ಹಾಗಾಗಿ ಸ್ವಲ್ಪ ಕಡಿಮೆ ಸುರಿದು, ಉಳಿದದ್ದನ್ನು ತಕ್ಕಡಿ ಮೇಲೆ ಚಿಟಿಕೆ ಚಿಟಿಕೆಯಾಗಿ ತುಂಬಬೇಕು. ಬಿಡುವಿನ ಭಾನುವಾರಕ್ಕೆ ಪರವಾಗಿಲ್ಲ, ಆಫೀಸಿನಿಂದ ಬಂದ ಸಂಜೆಗೆ ಬೇಡ.

ವಾರ್‌ಗೆಟ್ ಕೂಡ ಕಡ್ಡಿಕಾಳೇ, ಆದರೆ ಗಿಡ್ಡ. 748ರಷ್ಟು ಸಲೀಸಾಗಿ ಇಳಿಯದಿದ್ದರೂ 4064ರಷ್ಟು ಕಾಡುವುದಿಲ್ಲ. ಇದು ತಯಾರಾಗುವುದು ಆಸ್ಟ್ರೇಲಿಯಾದ ಮುಲ್ವಾಲಾದಲ್ಲಿ. ಹಾಜ್‌ಡನ್ ಇದನ್ನು ಎಕ್ಸ್‌ಟ್ರೀಮ್ ಸಾಲಿನಲ್ಲಿ, ಚಳಿ ಬಿಸಿಲಿಗೆ ಅಷ್ಟಾಗಿ ಬಗ್ಗದ ಮದ್ದು ಅಂತ ಮಾರುತ್ತದೆ. ಜಾಹೀರಾತಿನ ಮಾತು ಅಂತ ನಾನೂ ಮೊದಲು ಮೂಗು ಮುರಿದಿದ್ದೆ. ಋತು ಬದಲಾದರೂ ಕ್ರೊನೊಗ್ರಾಫ್ ಹೆಚ್ಚುಕಡಿಮೆ ಅದೇ ಅಂಕಿ ತೋರಿಸುತ್ತಾ ಬಂದಾಗ ಸುಮ್ಮನಾದೆ. ಇನ್ನೊಂದು ಗುಣ: .308ರ ಕೇಸ್ ಚೆನ್ನಾಗಿ ತುಂಬುತ್ತದೆ. ತಪ್ಪಿ ಎರಡು ಸಲ ಸುರಿದರೆ ಉಕ್ಕಿ ಹೊರಗೆ ಬೀಳುತ್ತದೆ, ಕಣ್ಣಿಗೆ ಕಾಣುತ್ತದೆ.

ಈ ಕೊನೆಯ ಮಾತು ಪಿಸ್ತೂಲಿಗೆ ಬಂದರೆ ಇನ್ನೂ ದೊಡ್ಡದು. 9 ಎಂಎಂಗೆ ನಾನು ಟೈಟ್‌ಗ್ರೂಪ್ ಬಳಸುತ್ತೇನೆ. ಪಟ್ಟಿಯ ಮೇಲ್ತುದಿಗೆ ಹತ್ತಿರದ, ಬೇಗ ಉರಿಯುವ ಮದ್ದು. ಒಂದು ಪೌಂಡ್‌ನಲ್ಲಿ 7,000 ಗ್ರೇನ್, ಒಂದು ತೋಟಾಗೆ ಬೇಕಾಗುವುದು ನಾಲ್ಕೈದು ಗ್ರೇನ್ ಅಷ್ಟೇ. ಲೆಕ್ಕ ಹಾಕಿ, ಸಾವಿರದ ಮೇಲೆ ತೋಟಾ ಬರುತ್ತದೆ. ಜೇಬಿಗೆ ಹಿತ, ಕೈಗೆ ಅಪಾಯ. ಅಷ್ಟು ಕಡಿಮೆ ಮದ್ದು ಕೇಸ್‌ನ ತಳದಲ್ಲಿ ಕೂತಿರುತ್ತದೆ, ಎರಡು ಪಾಲು ಬಿದ್ದರೂ ಒಳಗೇ ಹಿಡಿಯುತ್ತದೆ. ಪ್ರತಿ ಕೇಸ್‌ನೊಳಗೆ ಟಾರ್ಚ್ ಬಿಟ್ಟು ನೋಡದೆ ಗುಂಡು ಕೂರಿಸಬೇಡಿ.

ಕಡಿಮೆ ಹಾಕಿದರೆ ಯಾವಾಗಲೂ ಕ್ಷೇಮ ಅಂತ ನಂಬಿದವರು ಬಹಳ. ಇದೂ ಮದ್ದಿನಿಂದ ಮದ್ದಿಗೆ ಬದಲಾಗುತ್ತದೆ. ಎಚ್4895 ಅನ್ನು ಗರಿಷ್ಠ ಅಳತೆಯ 60 ಶೇಕಡಾದವರೆಗೆ ಇಳಿಸಬಹುದು ಅಂತ ಹಾಜ್‌ಡನ್ನೇ ಹೇಳುತ್ತದೆ. ಹೊಸಬರಿಗೆ, ಮಕ್ಕಳಿಗೆ ಒದೆತ ಕಡಿಮೆಯ ತೋಟಾ ಮಾಡಲು ಅದು ಒಳ್ಳೆಯದು. ಅದೇ ಕಂಪನಿ ತನ್ನ ಇನ್ನೊಂದು ಮದ್ದು ಎಚ್110ಕ್ಕೆ 3 ಶೇಕಡಾಕ್ಕಿಂತ ಇಳಿಸಬೇಡಿ ಅನ್ನುತ್ತದೆ. ಸರಿಯಾಗಿ ಹೊತ್ತಿಕೊಳ್ಳದೆ ಗುಂಡು ನಳಿಗೆಯಲ್ಲೇ ನಿಂತುಬಿಡಬಹುದು. ಅದರ ಹಿಂದೆ ಇನ್ನೊಂದು ಈಡು ಹೊಡೆದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ?

ವಾರ್‌ಗೆಟ್‌ನ ದೊಡ್ಡ ಕೊರತೆ, ಬೇಕಾದಾಗ ಸಿಗದಿರುವುದು. ಕೋವಿಡ್ ಕಾಲದಲ್ಲಂತೂ ಕಪಾಟು ಖಾಲಿ. ಆನ್‌ಲೈನ್‌ನಲ್ಲಿ ತರಿಸಿದರೆ ಅಪಾಯಕಾರಿ ಸರಕಿನ ಶುಲ್ಕ ಬೇರೆ ಬೀಳುತ್ತದೆ, ಹಾಗಾಗಿ ಒಂದು ಡಬ್ಬಿ ತರಿಸುವುದು ದಂಡ. ನಾವು ನಾಲ್ಕು ಜನ ಸೇರಿ ತರಿಸುತ್ತೇವೆ. 8 ಪೌಂಡ್ ಡಬ್ಬಿ ಕೊಂಡರೆ ಇನ್ನೊಂದು ಲಾಭ, ಅಷ್ಟೂ ಒಂದೇ ಲಾಟ್, ಅಂದರೆ ಒಂದೇ ಸಲಕ್ಕೆ ತಯಾರಾದದ್ದು. ಹೊಸ ಲಾಟ್ ಬಂದಾಗ ಹೆಸರು ಅದೇ ಇದ್ದರೂ ಉರಿಯುವ ವೇಗ ಸ್ವಲ್ಪ ಆಚೀಚೆ ಆಗಬಹುದು. ಅಳತೆ ಇಳಿಸಿ ಮತ್ತೆ ಮೊದಲಿನಿಂದ ನೋಡಬೇಕು. ಇಡುವ ಜಾಗಕ್ಕೂ ಬಿಸಿಲೇ ಶತ್ರು. ಇಲ್ಲಿನ ಗ್ಯಾರೇಜ್ ಬೇಸಿಗೆಯಲ್ಲಿ ಒಲೆಯಂತೆ ಕಾಯುತ್ತದೆ. ನನ್ನ ಡಬ್ಬಿಗಳು ಎಸಿ ಇರುವ ಕೋಣೆಯಲ್ಲಿ, ಮಕ್ಕಳ ಕೈಗೆ ಸಿಗದಂತೆ, ಕಂಪನಿಯ ಡಬ್ಬಿಯಲ್ಲೇ ಇವೆ. ಮುಚ್ಚಳ ತೆಗೆದಾಗ ಘಾಟು ವಾಸನೆ, ಕೆಂಚು ಹೊಗೆ ಕಂಡರೆ ಆ ಮದ್ದು ಕೆಟ್ಟಿದೆ ಅಂತ ಅರ್ಥ, ಬಳಸಬಾರದು.

ಸದ್ಯಕ್ಕೆ ನನ್ನ ಲೆಕ್ಕ ಹೀಗೆ. ದೂರದ ಗುರಿಗೆ ವಾರ್‌ಗೆಟ್. ಚಳಿಗಾಲದ ಅಭ್ಯಾಸಕ್ಕೆ, ಜಾಸ್ತಿ ತೋಟಾ ಬೇಕಾದಾಗ 748. 4064 ಅರ್ಧ ಡಬ್ಬಿ ಉಳಿದಿದೆ. ಅದು ಮುಗಿದ ಮೇಲೆ, ವಾರ್‌ಗೆಟ್ ಮತ್ತೆ ಕೈ ಕೊಡುವ ತನಕ ತರುವುದಿಲ್ಲ.