ಚಳಿಗಾಗಿ ಕಾದಿರುವ ಚಳ್ಳಕೆರೆಯ ಕಂಬಳಿ

ಚಳ್ಳಕೆರೆಯ ನೇಕಾರರೊಬ್ಬರ ಮನೆಯಿಂದ ಕಾರ್ತಿಕದಲ್ಲಿ ತಂದ ಕರಿಕಂಬಳಿಯನ್ನು ಬೆಂಗಳೂರಿನ ಈ ಚಳಿಗಾಲದಲ್ಲಿ ನಾಲ್ಕೇ ರಾತ್ರಿ ಪೂರ್ತಿಯಾಗಿ ಹೊದೆಯಲು ಸಾಧ್ಯವಾಗಿದೆ. ಬಂಗಾಳಕೊಲ್ಲಿಯ ಕಡೆಯಿಂದ ಬಂದ ಮೋಡಗಳು ರಾತ್ರಿಯಿಡೀ ಕವಿದು ನೆಲದ ಬಿಸಿಯನ್ನು ಮೇಲೇರಲು ಬಿಡದ ಕಾರಣ, ಧನುರ್ಮಾಸದ ನಸುಕಿನಲ್ಲೂ ನಮ್ಮ ಮನೆಯಲ್ಲಿ ಫ್ಯಾನು ತಿರುಗುತ್ತಿದೆ. 1884ರ ಜನವರಿ 13ರಂದು ಇದೇ ಊರಿನ ಉಷ್ಣಾಂಶ 7.8 ಡಿಗ್ರಿಗೆ ಇಳಿದಿತ್ತೆಂದರೆ ಮಕ್ಕಳು ನಂಬುವುದಿಲ್ಲ.

ಕಂಬಳಿಯ ಗುಣದ ಬಗ್ಗೆ ಮಾತ್ರ ಎರಡು ಮಾತಿಲ್ಲ. ದಖನಿ ಕುರಿಯ ಉಣ್ಣೆಯನ್ನು ಕೈಯಲ್ಲಿ ನೂತು, ಎಳೆಗಳಿಗೆ ಹುಣಸೆ ಬೀಜದ ಗಂಜಿ ಕೊಟ್ಟು, ಗುಂಡಿಮಗ್ಗದಲ್ಲಿ ನೇಯ್ದ ಬಟ್ಟೆಯಿದು. ಬಣ್ಣ ಹಾಕಿಲ್ಲ, ಕುರಿಯ ಮೈಗಪ್ಪೇ ಇದರ ಕಪ್ಪು. ಹೊಸದರಲ್ಲಿ ಗಂಜಿಯ ಬಿರುಸಿಗೆ ಕುತ್ತಿಗೆಯ ಬಳಿ ಚುಚ್ಚುತ್ತದೆ, ಆದ್ದರಿಂದ ಒಳಗೊಂದು ಹತ್ತಿಯ ದುಪ್ಪಟಿ ಇರಬೇಕು. ಆಕಾಶ ತಿಳಿಯಾಗಿದ್ದ ಆ ನಾಲ್ಕು ರಾತ್ರಿ ಮಹಡಿಯ ಮೇಲೆ ಮಲಗಿದ್ದಾಗ, ಉಣ್ಣೆಯ ನವಿರುಗಳ ತುದಿಯಲ್ಲಿ ಇಬ್ಬನಿ ಮಣಿಮಣಿಯಾಗಿ ಕೂತಿದ್ದರೂ ಒಳಮೈ ಬೆಚ್ಚಗೆ, ಒಣಗಿಯೇ ಇತ್ತು. ಸಂಕ್ರಾಂತಿಯೊಳಗೆ ಮೋಡ ಸರಿದು, ಉತ್ತರದ ಒಣಗಾಳಿ ಬೀಸಿ, ಒಂದು ವಾರವಾದರೂ ಗಟ್ಟಿ ಚಳಿ ಬರಲೆಂದು ದಿನವೂ ಆಕಾಶ ನೋಡುತ್ತಿದ್ದೇನೆ.