ಟ್ರೈಲರ್ ಎಳೆಯುವಾಗ ಆಟೋಮ್ಯಾಟಿಕ್ ಗೇರ್ ಪದೇ ಪದೇ ಬದಲಾಗುತ್ತಿದ್ದರೆ ಸುಮ್ಮನಿರಬೇಡಿ

ನನ್ನ ಡೀಸೆಲ್ ಪಿಕಪ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಸುಟ್ಟುಹೋದದ್ದು ಒಂದು ಉದ್ದನೆಯ ಏರುದಾರಿಯಲ್ಲಿ. ಅದಕ್ಕೂ ಮುಂಚೆ ಸುಮಾರು ನಲವತ್ತು ನಿಮಿಷ ಅದು ತನ್ನ ಸಂಕಟವನ್ನು ಮೀಟರಿನ ಮುಳ್ಳಿನಲ್ಲೇ ತೋರಿಸುತ್ತಿತ್ತು; ನಾನು ನೋಡಿಯೂ ನೋಡದವನಂತೆ ಓಡಿಸಿದೆ. ಟ್ರೈಲರಿನ ತೂಕ ಕಂಪನಿಯ ಕೈಪಿಡಿಯಲ್ಲಿ ಹೇಳಿದ ಮಿತಿಯೊಳಗೇ ಇತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಕಥೆ ಕೇಳಿದವರೆಲ್ಲರ ಮೊದಲ ಪ್ರಶ್ನೆ ಅದೇ ಆಗಿರುತ್ತದೆ.

ನಡೆದದ್ದು ಹೀಗೆ. ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಏರು ಹತ್ತುತ್ತಿದ್ದಾಗ ಗಾಡಿ ಆರನೇ ಗೇರಿಗೆ ಹೋಗುತ್ತಿತ್ತು, ಆರ್‌ಪಿಎಂ 1500ಕ್ಕೆ ಇಳಿಯುತ್ತಿತ್ತು, ಎಂಜಿನ್ ಗುಡುಗುಟ್ಟುತ್ತಿತ್ತು. ಏಳೆಂಟು ಸೆಕೆಂಡುಗಳಲ್ಲಿ ಮತ್ತೆ ಐದನೇ ಗೇರಿಗೆ ಬಂದು ಮುಳ್ಳು 2000ಕ್ಕೆ ಜಿಗಿಯುತ್ತಿತ್ತು. ವೇಗ ತುಸು ಕೂಡಿಕೊಂಡ ಕೂಡಲೇ ಪುನಃ ಆರು. ಡೀಸೆಲ್ ಎಂಜಿನ್ ಕಡಿಮೆ ಆರ್‌ಪಿಎಂನಲ್ಲೇ ಬಲವಾಗಿ ಎಳೆಯುತ್ತದೆ, ಗೇರಿನ ವಿಷಯ ಆಟೋಮ್ಯಾಟಿಕ್‌ಗೇ ಗೊತ್ತು ಎಂಬ ಭರವಸೆಯಲ್ಲಿ ನಾನು ಕುಳಿತಿದ್ದೆ. ಖಾಲಿ ಗಾಡಿಯ ಮಟ್ಟಿಗೆ ಆ ಭರವಸೆ ಸರಿಯೇ.

ಭಾರ ಹೊತ್ತಾಗ ಒಳಗೆ ಆಗುವುದು ಬೇರೆ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಟಾರ್ಕ್ ಕನ್ವರ್ಟರ್ ಬಲವನ್ನು ಆಯಿಲ್‌ನ ಮೂಲಕ ದಾಟಿಸುತ್ತದೆ. ಅದರೊಳಗಿನ ಲಾಕ್‌ಅಪ್ ಕ್ಲಚ್ ಕಚ್ಚಿಕೊಂಡಿರುವಷ್ಟು ಹೊತ್ತು ಎರಡೂ ಬದಿ ಒಟ್ಟಿಗೆ ತಿರುಗುವುದರಿಂದ ಹೆಚ್ಚು ಬಿಸಿಯಾಗುವುದಿಲ್ಲ. ಆದರೆ ಗೇರ್ ಬದಲಾಗುವಾಗ, ಎಂಜಿನ್ ಏದುಸಿರು ಬಿಡುವಾಗ ಆ ಕ್ಲಚ್ ಬಿಟ್ಟುಕೊಳ್ಳುತ್ತದೆ. ಆಗ ಒಂದು ಬದಿ ವೇಗವಾಗಿ, ಇನ್ನೊಂದು ನಿಧಾನವಾಗಿ ತಿರುಗಿ, ನಡುವಿನ ಆಯಿಲ್ ಕಡೆಯಲ್ಪಟ್ಟು ಆ ವ್ಯತ್ಯಾಸವೆಲ್ಲ ಶಾಖವಾಗುತ್ತದೆ. ನಲವತ್ತು ನಿಮಿಷ ನಾನು ಮಾಡಿಸಿದ್ದು ಇದನ್ನೇ.

ಡ್ಯಾಶ್‌ಬೋರ್ಡಿನಲ್ಲಿ ಗೇರ್‌ಬಾಕ್ಸ್ ಉಷ್ಣಾಂಶದ ಪುಟ ಮೂರನೆಯ ಮೆನುವಿನಲ್ಲಿ ಅಡಗಿತ್ತು. ಅದನ್ನು ತೆರೆದದ್ದು ಎಚ್ಚರಿಕೆಯ ದೀಪ ಹೊತ್ತಿದ ಮೇಲೆ: 131 ಡಿಗ್ರಿ ಸೆಲ್ಸಿಯಸ್. ಸಾಮಾನ್ಯ ಓಟದಲ್ಲಿ ಅದು 80ರಿಂದ 95ರ ಆಸುಪಾಸಿನಲ್ಲಿರುತ್ತದೆ. ಅದಕ್ಕಿಂತ ಮೇಲೆ ಏರಿದಷ್ಟೂ ಆಯಿಲ್‌ನ ಆಯುಸ್ಸು ಬೇಗ ಬೇಗ ಕರಗುತ್ತದೆ.

ಇಲ್ಲಿ ಎರಡನೇ ತಪ್ಪು ಮಾಡಿದೆ. ಗಾಬರಿಯಲ್ಲಿ ಪಕ್ಕಕ್ಕೆ ನಿಲ್ಲಿಸಿ ತಕ್ಷಣ ಎಂಜಿನ್ ಆರಿಸಿದೆ. ಆಯಿಲ್ ಪಂಪನ್ನು ತಿರುಗಿಸುವುದು ಎಂಜಿನ್ನೇ. ಅದು ನಿಂತರೆ ಬಿಸಿ ಆಯಿಲ್ ಕೂಲರಿಗೆ ಹೋಗದೆ ಇದ್ದಲ್ಲೇ ಉಳಿಯುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಗಳಿಗೆ ಅಡ್ಡ ಕೊಟ್ಟು, ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಓಡಲು ಬಿಟ್ಟಿದ್ದರೆ ಹಾನಿ ಕಡಿಮೆಯಾಗುತ್ತಿತ್ತೇನೋ. ಕಾಲು ಗಂಟೆಯ ನಂತರ ಹೊರಟಾಗ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತಿತ್ತು, ಗಾಡಿ ಮಾತ್ರ ತೆವಳುತ್ತಿತ್ತು.

ಗೇರ್‌ಬಾಕ್ಸ್ ಬಿಚ್ಚುವ ಮೊದಲು ಮೆಕ್ಯಾನಿಕ್ ಬಿಳಿ ಕಾಗದದ ಮೇಲೆ ಒಂದು ಹನಿ ಆಯಿಲ್ ಬಿಟ್ಟು ತೋರಿಸಿದರು. ಹೊಸದಾಗಿದ್ದಾಗ ಕೆಂಪಾಗಿರಬೇಕಾದದ್ದು ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿತ್ತು, ನಡುವೆ ಕರಿಯ ಪುಡಿ, ಮೂಗಿಗೆ ಹಿಡಿದರೆ ಸೀದ ವಾಸನೆ. ಆ ಪುಡಿ ಕ್ಲಚ್ ಪ್ಲೇಟುಗಳ ಮೇಲಿನ ಘರ್ಷಣೆಯ ಪದರ.

“ಟೋ-ಹಾಲ್ ಬಟನ್ ಒತ್ತಿದ್ದಿರಾ ಸರ್?” ಎಂದು ಅವರು ಕೇಳಿದರು. ಅಂಥ ಬಟನ್ ಇದೆ ಎಂದು ಗೊತ್ತಿತ್ತು. ಭಾರಿ ತೂಕಕ್ಕೆ ಮಾತ್ರ ಎಂದುಕೊಂಡು ಬಿಟ್ಟಿದ್ದೆ. ಅದನ್ನು ಒತ್ತಿದರೆ ಗೇರ್ ಮೇಲಕ್ಕೆ ಹೋಗುವುದು ತಡವಾಗುತ್ತದೆ, ಎಳೆಯುವ ಗೇರಿನಲ್ಲೇ ಹೆಚ್ಚು ಹೊತ್ತು ನಿಲ್ಲುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಮುಟ್ಟಿದಾಗ ತಾನಾಗಿಯೇ ಕೆಳಗಿನ ಗೇರಿಗೆ ಬಂದು ಎಂಜಿನ್ನಿನಿಂದ ವೇಗ ತಡೆಯುವ ಏರ್ಪಾಡೂ ಬಹಳಷ್ಟು ಗಾಡಿಗಳಲ್ಲಿದೆ. ಬಟನ್ ಇಲ್ಲದಿದ್ದರೆ ಮ್ಯಾನ್ಯುವಲ್ ಮೋಡ್‌ನಲ್ಲಿ ಮೇಲಿನ ಗೇರನ್ನು ನೀವೇ ತಡೆಹಿಡಿಯಬಹುದು. ಆರ್‌ಪಿಎಂ ಹೆಚ್ಚಿದರೆ ಎಂಜಿನ್ ಸವೆಯುತ್ತದೆ ಎಂಬ ಭಯ ನನಗೂ ಇತ್ತು. 2200ರಲ್ಲಿ ಸ್ಥಿರವಾಗಿ ಓಡುವುದು ಡೀಸೆಲ್ ಎಂಜಿನ್ನಿಗೆ ಹೊರೆಯೇ ಅಲ್ಲ.

ಗೇರ್‌ಬಾಕ್ಸ್ ಆಯಿಲ್ ಜೀವಮಾನಕ್ಕೆ ಸಾಕು ಎಂದು ಗಾಡಿ ಮಾರಿದವರು ಹೇಳಿದ್ದರು. ಟ್ರೈಲರ್ ಎಳೆಯುವವರು ಆ ಮಾತು ನಂಬದೆ, ಕೈಪಿಡಿಯಲ್ಲಿ ಕಠಿಣ ಬಳಕೆಗೆಂದು ಕೊಟ್ಟಿರುವ ಆಯಿಲ್ ಬದಲಾವಣೆಯ ಅವಧಿಯನ್ನು ಹುಡುಕಿ ಓದಿಕೊಳ್ಳಬೇಕು. ನನ್ನ ಕೈಪಿಡಿಯಲ್ಲಿ ಅದು ಸಣ್ಣಕ್ಷರದ ಅಡಿಟಿಪ್ಪಣಿಯಾಗಿತ್ತು.

ದುರಸ್ತಿಯಾದ ಮೇಲೆ ಅದೇ ಟ್ರೈಲರನ್ನು ಅದೇ ಏರಿನಲ್ಲಿ, ಬಟನ್ ಒತ್ತಿಕೊಂಡು, ಉಷ್ಣಾಂಶದ ಪುಟವನ್ನು ತೆರೆದಿಟ್ಟೇ ಎಳೆದೆ. ಗೇರ್ ನಾಲ್ಕರಲ್ಲಿ ಕದಲದೆ ನಿಂತಿತು. ನೆತ್ತಿ ತಲುಪಿದಾಗ 99 ಡಿಗ್ರಿ ಇತ್ತು.