ಮೈಸೂರಲ್ಲಿ ಎರಡು ದಿನ ಸಭೆ ನಡೆಸೋದು ಕಲಿತೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ

ನಾನು ಮಂಡ್ಯದಲ್ಲಿ ನಮ್ಮ ಬಡಾವಣೆ ಸಂಘದ ಕಾರ್ಯದರ್ಶಿ. ಮೂರು ವರ್ಷದಿಂದ ತಿಂಗಳಿಗೊಂದು ಸಭೆ ಕರೆಯುತ್ತಿದ್ದೇನೆ. ಬರುವವರು ಮೂವತ್ತು ಜನ, ಮಾತಾಡುವವರು ನಾಲ್ಕೇ ಜನ. ಉಳಿದವರು ಟೀ ಕುಡಿದು, ಪುಸ್ತಕಕ್ಕೆ ಸೈನ್ ಹಾಕಿ, ಆಮೇಲೆ ಗೇಟ್ ಹತ್ತಿರ ನಿಂತು ಹೇಳಬೇಕಾದ್ದನ್ನೆಲ್ಲ ಅಲ್ಲಿ ಹೇಳುತ್ತಾರೆ. ಅದಕ್ಕೇ ಕುವೆಂಪುನಗರದಲ್ಲಿ ನಡೆದ ಈ ತರಬೇತಿಗೆ ಸೇರಿದೆ. ಫೀಸು 1,800 ರೂಪಾಯಿ, ಊಟ ಸೇರಿ.

ಮೊದಲ ದಿನ ತುಂಬಾ ಚೆನ್ನಾಗಿತ್ತು. ವೇದಿಕೆ ಇಲ್ಲ, ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ತರಬೇತಿ ಕೊಡುತ್ತಿದ್ದ ಮೇಡಂ ಮೊದಲು ನೋಡಿದ್ದು ನಮ್ಮ ನಮ್ಮ ಸಭೆಯ ನೋಟೀಸನ್ನು. ನಾನು ಪ್ರತಿ ಸಲ ‘ನೀರಿನ ವಿಷಯ’ ಅಂತ ಬರೆಯುತ್ತಿದ್ದೆ. "ಇದನ್ನ ಓದಿದವರು ಮನೇಲಿ ಏನು ಯೋಚನೆ ಮಾಡ್ಕೊಂಡು ಬರ್ಬೇಕು ಸಾರ್?" ಅಂತ ಕೇಳಿದರು. ಅದನ್ನು ‘ಬೇಸಿಗೆಯಲ್ಲಿ ಟ್ಯಾಂಕರ್ ಎಷ್ಟು ಹೊತ್ತಿಗೆ ಬರಬೇಕು?’ ಅಂತ ತಿದ್ದಿಸಿದರು.

ನನಗೆ ಜಾಸ್ತಿ ಹಿಡಿಸಿದ್ದು ‘1-2-4-ಎಲ್ಲರೂ’ ಅನ್ನೋ ವಿಧಾನ. ಪ್ರಶ್ನೆ ಕೇಳಿದ ಮೇಲೆ 1 ನಿಮಿಷ ಯಾರೂ ಮಾತಾಡುವ ಹಾಗಿಲ್ಲ, ಸುಮ್ನೆ ಚೀಟಿಯಲ್ಲಿ ಬರೆಯಬೇಕು. 2 ನಿಮಿಷ ಪಕ್ಕದವರ ಜೊತೆ ಮಾತು. ಎರಡು ಜೋಡಿ ಸೇರಿ 4 ನಿಮಿಷ. ಕೊನೆಗೆ 5 ನಿಮಿಷ ಎಲ್ಲರ ಮುಂದೆ. ಒಟ್ಟು 12 ನಿಮಿಷ ಅಷ್ಟೇ. ಜೋರು ದನಿಯವರು ಬಾಯಿ ತೆರೆಯುವ ಮೊದಲೇ ಮೆತ್ತಗಿರುವವರ ಮಾತು ಚೀಟಿ ಸೇರಿರುತ್ತದೆ, ನಾಲ್ಕು ಜನರ ಹತ್ತಿರ ಬರುವಷ್ಟರಲ್ಲಿ ಅದು ಒಬ್ಬರ ಮಾತಾಗಿ ಉಳಿದಿರುವುದಿಲ್ಲ, ಹಾಗಾಗಿ ಎಲ್ಲರ ಎದುರು ಹೇಳೋಕೆ ಸಂಕೋಚವೂ ಇರುವುದಿಲ್ಲ.

ಓಟು ಹಾಕಿಸೋಕೆ ಹಣೆಗೆ ಇಡುವ ಬಿಂದಿ ಪ್ಯಾಕೆಟ್ ತಂದಿದ್ದರು. ಒಬ್ಬೊಬ್ಬರಿಗೆ ಮೂರು ಬಿಂದಿ, ಇಷ್ಟವಾದ ಸಲಹೆಯ ಪಕ್ಕ ಅಂಟಿಸಬೇಕು. ಆದರೆ ಮೊದಲು ಚೀಟಿಯಲ್ಲಿ ಆಯ್ಕೆ ಬರೆದುಕೊಂಡೇ ಏಳಬೇಕು, ಇಲ್ಲದಿದ್ದರೆ ಎಲ್ಲಿ ಬಿಂದಿ ಜಾಸ್ತಿಯಿದೆಯೋ ಎಲ್ಲರೂ ಅಲ್ಲೇ ಅಂಟಿಸುತ್ತಾರೆ!

ಎರಡನೇ ದಿನ ಬೇಸರವಾಯಿತು. ಬೆಳಗ್ಗೆಯೆಲ್ಲ ಇಂಗ್ಲಿಷ್ ಸ್ಲೈಡು. 1985ರಲ್ಲಿ ಅಮೆರಿಕದ ಹ್ಯಾರಿಸನ್ ಓವನ್ ಶುರು ಮಾಡಿದ ‘ಓಪನ್ ಸ್ಪೇಸ್’ ಅನ್ನೋ ಸಭೆ ವಿಧಾನದ ಬಗ್ಗೆ ಹೇಳಿದರು. ಅದರಲ್ಲಿ ಬಂದವರೇ ಸೇರಿ ಅಜೆಂಡಾ ಮಾಡುತ್ತಾರಂತೆ, ಕೂತ ಗುಂಪಲ್ಲಿ ಕಲಿಯೋದೂ ಇಲ್ಲ ಹೇಳೋದೂ ಇಲ್ಲ ಅನ್ನಿಸಿದರೆ ಎದ್ದು ಬೇರೆ ಗುಂಪಿಗೆ ಹೋಗಬಹುದಂತೆ. ಎಷ್ಟು ಒಳ್ಳೆ ವಿಷಯ, ಅಲ್ವಾ? ಮಾಡಿಸಿ ತೋರಿಸಲೇ ಇಲ್ಲ. ಸಭೆಯಲ್ಲಿ ಜಗಳ ಬಿದ್ದರೆ ಏನು ಮಾಡಬೇಕು ಅನ್ನೋದಕ್ಕೆ ಕೊಟ್ಟಿದ್ದು ಬರೀ ಅರ್ಧ ಗಂಟೆ. ನಮ್ಮ ಕಡೆ ಸಭೆ ನಡೆಸುವವರಿಗೆ ಬೇಕಾಗಿರೋದೇ ಅದು. ಕೈಪಿಡಿಯೂ ಇಂಗ್ಲಿಷಲ್ಲೇ ಇತ್ತು. ನನ್ನ ಪಕ್ಕ ಕೂತಿದ್ದ ಸ್ತ್ರೀಶಕ್ತಿ ಸಂಘದ ಅಕ್ಕ ಅದನ್ನು ಬ್ಯಾಗಿಗೆ ಹಾಕಿಕೊಂಡು, ಕನ್ನಡದ್ದು ಯಾವಾಗ ಕೊಡ್ತೀರಿ ಅಂತ ಎರಡು ಸಲ ಕೇಳಿದರು. ಉತ್ತರ ಸಿಗಲಿಲ್ಲ.

ಊರಿಗೆ ಬಂದ ಮೇಲೆ ಮುಂದಿನ ಸಭೆಯಲ್ಲೇ ಚೀಟಿ ಹಂಚಿದೆ. "ಇದೇನ್ ಸಾರ್, ಪರೀಕ್ಷೆನಾ?" ಅಂದರು ಒಬ್ಬ ಹಿರಿಯರು, ಆದರೂ ಬರೆದರು. ಮೂರು ವರ್ಷದಲ್ಲಿ ಒಂದು ಮಾತೂ ಆಡದ ಎರಡನೇ ಕ್ರಾಸಿನ ತಾಯಿಯೊಬ್ಬರು ಅವತ್ತು ಎದ್ದು ನಿಂತು, ಟ್ಯಾಂಕರ್ ಹನ್ನೊಂದು ಗಂಟೆಗೆ ಬರುತ್ತೆ, ಆಗ ಗಾರ್ಮೆಂಟ್ಸಿಗೆ ಹೋಗೋರ ಮನೇಲಿ ಬಿಂದಿಗೆ ಹಿಡಿಯೋಕೆ ಯಾರೂ ಇರಲ್ಲ ಅಂದರು. ನನಗೆ ಇದು ಗೊತ್ತೇ ಇರಲಿಲ್ಲ. ಈಗ ಟ್ಯಾಂಕರ್ ಆರೂವರೆಗೆ ಬರುತ್ತಿದೆ.

ಸಂಘ, ಡೇರಿ, ಶಾಲಾ ಸಮಿತಿ ಅಂತ ಸಭೆ ನಡೆಸುವವರು ಮೊದಲ ದಿನಕ್ಕಾದರೂ ಹೋಗಿ. ಸೇರುವ ಮೊದಲು ಕೈಪಿಡಿ ಕನ್ನಡದಲ್ಲಿದೆಯಾ ಅಂತ ಫೋನ್ ಮಾಡಿ ಕೇಳಿ. ನಾಲ್ಕು ಜನ ಕೇಳಿದರೆ ಮಾಡಿಸುತ್ತಾರೆ.